ಹೆಗಲ ಮೇಲಿನ ಟವೆಲ್

ಹೊನ್ನಾವರ
೫ ಆಗಸ್ಟ್ ೨೦೨೩

ರೇಖಾ,

ನಿನ್ನ ಫೋನಿಗೆ ಹನ್ನೊಂದು ಸಲ ಮಾಡಿದೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ ಎಂದು, ಗುರುದತ್ತನ ಜೊತೆ ದೋಣಿಗೆ ಹೋಗುತ್ತಿದ್ದ ಮಹಾಗಣಪತಿ ಹೇಳಿದ ಮೇಲೆ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಈ ಕಾಲದಲ್ಲಿ ಲಕೋಟೆ ಕೇಳುವವನನ್ನು ಅಲ್ಲಿಯವರೂ ಒಂದು ತರಹ ನೋಡುತ್ತಾರೆ.

ಗುರುದತ್ತ ಹೋಗಿ ಇವತ್ತಿಗೆ ಮೂವತ್ತೊಂಬತ್ತು ದಿನ. ಹದಿಮೂರನೆಯ ದಿನದ ಊಟ ಮುಗಿದ ಸಂಜೆಯೇ ನೀನು ಮಗು ದೇವಿಯನ್ನು ಎತ್ತಿಕೊಂಡು ತೆಂಗಿನಗುಂಡಿಯ ತವರಿಗೆ ಹೊರಟೆ. ಅಮ್ಮ ಬೇಲಿಯವರೆಗೆ ಬಂದಳು. ನಾನು ಒಳಗೇ ಉಳಿದೆ. ತಮ್ಮನ ಹೆಂಡತಿಗೆ ನನ್ನ ಮುಖ ಬೇಡವಾಗಿದೆ ಎಂಬುದು ತಿಳಿಯದಷ್ಟು ದಡ್ಡ ನಾನಲ್ಲ.

ಐದು ವರ್ಷ ಈ ಮನೆಯಲ್ಲಿದ್ದವಳಿಗೆ ನಮ್ಮ ಕೆಲಸದ ಬಗ್ಗೆ ಹೇಳಿಕೊಡುವುದೇನೂ ಇಲ್ಲ. ಆದರೂ ಬರೆಯುತ್ತೇನೆ, ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅಜ್ಜ, ಅಪ್ಪ, ಆಮೇಲೆ ನಾನು, ಮೂರು ತಲೆಮಾರಿನಿಂದ ಅಳಿವೆಯ ದಿಬ್ಬದ ಮೇಲೆ ನಿಂತು ದೋಣಿಗಳನ್ನು ಒಳಗೆ ಕರೆದವರು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ದಡ ಹತ್ತಿದ ಮೇಲೆ ನಾಡದೋಣಿಗಳಷ್ಟೇ ಹೊರಗೆ ಹೋಗುತ್ತವೆ. ವಾಪಸು ಬರುವಾಗ, ನದಿಯೂ ಕಡಲೂ ಹೊಡೆದಾಡುವ ಆ ಬಾಯಲ್ಲಿ, ದೋಣಿಯಲ್ಲಿರುವವನಿಗೆ ಬೆನ್ನ ಹಿಂದಿನ ತೆರೆ ಕಾಣುವುದಿಲ್ಲ. ದಿಬ್ಬದ ಮೇಲಿರುವವನಿಗೆ ಕಾಣುತ್ತದೆ. ಎರಡೂ ಕೈಯಲ್ಲಿ ಟವೆಲ್ ಬಿಡಿಸಿ ತಲೆಯ ಮೇಲೆ ಹಿಡಿದರೆ ‘ನಿಲ್ಲು’. ಒಂದು ಕೈಯಲ್ಲಿ ಬೀಸಿದರೆ ‘ಬಾ’. ನಮ್ಮ ವಿದ್ಯೆ ಇಷ್ಟೇ.

ಅವತ್ತು ನಾನು ಒಂದು ಕೈಯಲ್ಲಿ ಟವೆಲ್ ಬೀಸಿದ್ದನ್ನು ದೋಣಿ ಕಟ್ಟುವ ದಕ್ಕೆಯ ಮೇಲಿದ್ದ ನಲವತ್ತು ಜನ ನೋಡಿದ್ದಾರೆ. ಇಲ್ಲ ಎನ್ನುವುದಿಲ್ಲ.

ಅವನ ರೇನ್‌ಕೋಟು, ಚಪ್ಪಲಿ, ದೇವಿಗೆಂದು ತಂದಿಟ್ಟಿದ್ದ ಬಣ್ಣದ ಕೊಡೆ ಇಲ್ಲೇ ಇವೆ. ಬೇಕಾದರೆ ಬಸ್ಸಿನಲ್ಲಿ ಕಳಿಸುತ್ತೇನೆ. ಮಗುವನ್ನು ಒಂದು ಸಲ ಅಮ್ಮನಿಗೆ ತೋರಿಸು. ಅವಳು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ.

ನಿತ್ಯಾನಂದ

---

ತೆಂಗಿನಗುಂಡಿ
೧೯ ಆಗಸ್ಟ್ ೨೦೨೩

ನಿತ್ಯಾನಂದ ಭಾವನಿಗೆ,

ಇಲ್ಲ ಎನ್ನುವುದಿಲ್ಲವಂತೆ. ಎಷ್ಟು ಸುಲಭವಾಗಿ ಬರೆದುಬಿಟ್ಟಿರಿ. ನಿಮ್ಮ ಕೈ ಬೀಸಿತು, ನನ್ನ ಗಂಡ ಬಂದ, ತೆರೆ ಬಂತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು ಅಲ್ಲವೇ?

ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ದಿಬ್ಬಕ್ಕೆ ಕರೆದುಕೊಂಡು ಬಂದು ನಿಮ್ಮನ್ನು ತೋರಿಸಿ ಹೇಳಿದ್ದರು, “ಅಣ್ಣ ಅಲ್ಲಿ ನಿಂತಿದ್ರೆ ನಂಗೆ ಎಂತ ಹೆದ್ರಿಕೆನೂ ಇಲ್ಲ. ಕಣ್ಣು ಮುಚ್ಕಂಡು ಬತ್ತೆ.” ನನಗೆ ಆಗ ನಿಮ್ಮ ಮೇಲೆ ಹೊಟ್ಟೆಕಿಚ್ಚಾಗಿತ್ತು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ.

ರೇನ್‌ಕೋಟು ಬೇಡ. ಕೊಡೆ ಬೇಡ. ಅವರ ಫೋನು ಎಲ್ಲಿ? ಆಸ್ಪತ್ರೆಯಲ್ಲಿ ಕೊಟ್ಟ ಸಾಮಾನಿನಲ್ಲಿ ಉಂಗುರ ಇತ್ತು, ಸೊಂಟದ ಬೆಲ್ಟು ಇತ್ತು, ಫೋನು ಇರಲಿಲ್ಲ. ಸಮುದ್ರಕ್ಕೆ ಹೋಗುವಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ದೇವಿಯ ಫೋಟೋಗಳಿವೆ. ಅದು ನನಗೆ ಬೇಕು.

ಮಗುವನ್ನು ಅಲ್ಲಿಗೆ ಕಳಿಸುವುದಿಲ್ಲ.

ರೇಖಾ

---

ಹೊನ್ನಾವರ
೩ ಸೆಪ್ಟೆಂಬರ್ ೨೦೨೩

ರೇಖಾ,

ಫೋನು ಸಮುದ್ರಕ್ಕೆ ಹೋಯಿತು. ಚೀಲದ ದಾರ ಮಾತ್ರ ಕೊರಳಲ್ಲಿತ್ತು. ಫೋಟೋ ನಿನ್ನ ಫೋನಿನಲ್ಲೂ ಇರಬೇಕಲ್ಲ.

ನೂಲ ಹುಣ್ಣಿಮೆಗೆ ಎಲ್ಲರೂ ಕಡಲಿಗೆ ತೆಂಗಿನಕಾಯಿ ಬಿಟ್ಟರು. ನಾನು ಹಿಂದೆ ನಿಂತಿದ್ದೆ. ನನ್ನ ಕಾಯಿಯನ್ನು ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಮನೆಗೆ ತಂದು ಸಾರಿಗೆ ಹಾಕಿಸಿದೆ. ಅಮ್ಮ ಬೈದಳು.

ಈಚೆಗೆ ರಾವಣನ ನೆನಪು ಹೆಚ್ಚಾಗುತ್ತಿದೆ. ನಮ್ಮ ಕರಾವಳಿಯಲ್ಲಿ ಆ ಕತೆ ಗೊತ್ತಿಲ್ಲದವರು ಯಾರು? ತಲೆ ಕಡಿದಿಟ್ಟು, ಜೀವವನ್ನೇ ಪಣಕ್ಕೊಡ್ಡಿ, ಶಿವನಿಂದ ಆತ್ಮಲಿಂಗ ಪಡೆದ. ನೆಲಕ್ಕೆ ಇಡಬಾರದು ಎಂಬುದೊಂದೇ ಕಟ್ಟು. ಲಂಕೆಗೆ ಒಯ್ಯುವ ದಾರಿಯಲ್ಲಿ ನಮ್ಮ ಕಡಲ ತೀರಕ್ಕೆ ಬರುವಾಗ ಸಂಜೆಯಾಯಿತೆಂದು ಅದನ್ನು ದನ ಕಾಯುವ ವೇಷದ ಗಣಪತಿಯ ಕೈಗೆ ಕೊಟ್ಟು ನೀರಿಗಿಳಿದ. ಗಣಪತಿ ಮೂರು ಸಲ ಕರೆದು ಕೆಳಗಿಟ್ಟ. ಆಮೇಲೆ ರಾವಣ ಸಿಟ್ಟಿನಿಂದ ಎಳೆದು ಎಸೆದದ್ದರಲ್ಲಿ ದಾರ ಧಾರೇಶ್ವರಕ್ಕೆ, ಹೊದೆಸಿದ ವಸ್ತ್ರ ಮುರ್ಡೇಶ್ವರಕ್ಕೆ ಬಿತ್ತು. ಅಷ್ಟು ದೊಡ್ಡ ಅಪಾಯಕ್ಕೆ ಕೈ ಹಾಕಿ ಗೆದ್ದವನು, ಕೊನೆಯ ಒಂದು ಗಳಿಗೆಯನ್ನು ಬೇರೆಯವನಿಗೆ ಒಪ್ಪಿಸಿ ಸೋತ. ಗುರುದತ್ತನೂ ಇಡೀ ಸಮುದ್ರ ದಾಟಿ ಬಂದಿದ್ದ. ಕೊನೆಯ ಇನ್ನೂರು ಮಾರು ನನ್ನ ಕೈಯಲ್ಲಿತ್ತು.

ದೋಣಿಯವರ ಸಂಘ ಸಭೆ ಕರೆದಿದೆ. ನಾನು ಇನ್ನು ಮುಂದೆ ದಿಬ್ಬದ ಮೇಲೆ ನಿಲ್ಲಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಂತೆ. ನಿನ್ನ ಹೇಳಿಕೆ ಕೇಳಿ ಕಾಗದ ಬರುತ್ತದೆ. ನೀನು ಕಂಡದ್ದನ್ನು ಬರೆ. ನನ್ನ ಮೇಲೆ ಕರುಣೆ ಬೇಡ. ಆದರೆ ಇದೊಂದು ತಿಳಿದಿರಲಿ: ಆ ದಿಬ್ಬ ಬಿಟ್ಟರೆ ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಈಜಲೂ ನಾನು ಅಷ್ಟಕ್ಕಷ್ಟೇ.

ನಿತ್ಯಾನಂದ

---

ತೆಂಗಿನಗುಂಡಿ
೨೧ ಸೆಪ್ಟೆಂಬರ್ ೨೦೨೩

ಭಾವ,

ಚೌತಿ ಮುಗಿಯಿತು. ಸೂತಕದ ವರ್ಷ, ನಮ್ಮಲ್ಲಿ ಗಣಪತಿ ಕೂರಿಸಲಿಲ್ಲ. ದೇವಿ ಪಕ್ಕದ ಮನೆಯಲ್ಲಿ ಕಡುಬು ತಿಂದು ಬಂದಳು.

ನಿಮ್ಮ ರಾವಣನ ಕತೆ ಓದಿದೆ. ಗಂಡಸರು ಆ ಕತೆಯಲ್ಲಿ ರಾವಣನನ್ನೇ ನೋಡುತ್ತೀರಿ, ಗೆದ್ದ, ಸೋತ ಎಂದು. ನನಗೆ ಕಾಣುವುದು ಕರೆದವನು. ಆ ಮನುಷ್ಯ ನೀರಿನಲ್ಲಿ ನಿಂತಿದ್ದಾನೆ, ಈಗ ಬರಲಾರ, ಅದು ಗೊತ್ತಿದ್ದೇ ಬಾ, ಬಾ, ಬಾ ಎಂದು ಮೂರು ಸಲ ಕರೆದ. ಎಲ್ಲಾ ಹಾಳಾದ ಮೇಲೆ ಅವನಿಗೆ ಊರೂರಲ್ಲಿ ಪೂಜೆ. ಕರೆದವನನ್ನು ಯಾರೂ ಏನೂ ಕೇಳುವುದಿಲ್ಲ. ಈ ಮಾತು ಯಾಕೆ ಬರೆದೆನೋ ಗೊತ್ತಿಲ್ಲ. ಹೊಡೆದುಹಾಕೋಣವೆಂದರೆ ಮನೆಯಲ್ಲಿ ಬೇರೆ ಹಾಳೆ ಇಲ್ಲ.

ಸಂಘದ ಕಾಗದ ಬಂತು. ‘ದಿಬ್ಬದ ಮೇಲಿದ್ದವರು ಒಂದು ಕೈಯಲ್ಲಿ ಟವೆಲ್ ಬೀಸಿ ಕರೆದದ್ದರಿಂದಲೇ ನನ್ನ ಗಂಡ ಬಂದರು’ ಎಂದು ಬರೆದು ಸಹಿ ಹಾಕಿ ಕಳಿಸಿದ್ದೇನೆ. ನೀವೇ ಇಲ್ಲ ಎನ್ನದಿರುವಾಗ ನಾನು ಯಾಕೆ ಇಲ್ಲ ಎನ್ನಲಿ?

ದಾರ ಕೊರಳಲ್ಲಿತ್ತು ಎಂದಿರಲ್ಲ, ಅದು ಹರಿದಿತ್ತೇ ಅಥವಾ ಬಿಚ್ಚಿತ್ತೇ?

ರೇಖಾ

---

ಹೊನ್ನಾವರ
೩೦ ಅಕ್ಟೋಬರ್ ೨೦೨೩

ರೇಖಾ,

ತೀರ್ಮಾನವಾಯಿತು. ನಾನು ದಿಬ್ಬ ಹತ್ತಬಾರದು. ದೋಣಿ ಬರುವಾಗ ಎಲ್ಲೇ ನಿಂತಿದ್ದರೂ ಕೈ ಎತ್ತಬಾರದು. ನಿನ್ನ ಕಾಗದವನ್ನು ಸಂಜಯ ಎದ್ದು ನಿಂತು ಎರಡು ಸಲ ಓದಿದ. ಓದುವುದರಲ್ಲಿ ಅವನು ಜೋರು. “ಇನ್ನು ಟವೆಲ್ ಎಲ್ಲ ಎಂತಕೆ ಮಾರಾಯ? ಮೊಬೈಲಲ್ಲೇ ತೆರೆ ಎಷ್ಟು ಎತ್ತರ ಅಂತ ಬತ್ತದೆ. ಗುಂಡಿಗೆ ಇದ್ದವ ಬತ್ತ, ಇಲ್ಲದವ ಮನೆಲಿ ಕೂತ್ಕಳ್ಳಲಿ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟದೆ ಏನು ಮಾಡುತ್ತಾರೆ? ಜೂನ್ ತಿಂಗಳಲ್ಲಿ ಅವನು ನನ್ನ ಟವೆಲ್ ನೋಡದೆ ತೆರೆ ಹಾರಿಸಿ ಒಳಗೆ ಬಂದದ್ದನ್ನು ಅಪ್ಸರಕೊಂಡಕ್ಕೆ ಬಂದಿದ್ದ ಪ್ರವಾಸಿಗರು ವಿಡಿಯೋ ಮಾಡಿದ್ದರಲ್ಲ, ಅದನ್ನು ಎರಡು ಲಕ್ಷ ಜನ ನೋಡಿದ್ದಾರಂತೆ. ನಾನು ನಲವತ್ತು ವರ್ಷದಲ್ಲಿ ಎಷ್ಟು ದೋಣಿ ಕರೆದಿದ್ದೇನೋ, ಒಂದರದ್ದೂ ವಿಡಿಯೋ ಇಲ್ಲ. ಸುಮ್ಮನೆ ಮನೆ ಸೇರಿದ ದೋಣಿಯಲ್ಲಿ ನೋಡುವಂಥದ್ದು ಏನಿದೆ?

ಗುರುದತ್ತನ ದೋಣಿಯಲ್ಲಿದ್ದು ಈಜಿ ಬದುಕಿದ ಮಹಾಗಣಪತಿ, “ನಾನು ನೀರು ತೋಡ್ತಾ ಇದ್ದೆ, ಎಂತದೂ ಕಾಣ್ಲಿಲ್ಲ” ಎಂದ. ಅವನು ಸಮುದ್ರ ಬಿಟ್ಟು ಕುಮಟಾದ ಒಂದು ಗೊಬ್ಬರದ ಅಂಗಡಿ ಸೇರಿದ್ದಾನೆ.

ಇನ್ನು ನಿನಗೆ ಬರೆಯುವುದು ಏನೂ ಉಳಿದಿಲ್ಲ.

ನಿತ್ಯಾನಂದ

---

ಮುರ್ಡೇಶ್ವರ
೧೪ ಫೆಬ್ರವರಿ ೨೦೨೪

ನಿತ್ಯಾನಂದ ಅವರಿಗೆ,

ಇಲ್ಲಿ ಒಂದು ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ ಸಿಕ್ಕಿದೆ. ಮೂರನೆಯ ಮಹಡಿ. ಯಾವ ಕಿಟಕಿ ಒರೆಸಿದರೂ ಸಮುದ್ರ. ಬಂದವರು ಅದನ್ನು ನೋಡುವುದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ. ನಾನು ಬೆನ್ನು ಹಾಕಿ ಒರೆಸುತ್ತೇನೆ.

ಒಂದೇ ಪ್ರಶ್ನೆ. ಫೋನು ನಿಜಕ್ಕೂ ಸಮುದ್ರಕ್ಕೆ ಹೋಯಿತೇ? ಹೌದು ಎಂದು ಒಂದು ಸಾಲು ಬರೆದರೂ ಸಾಕು, ಮತ್ತೆ ಕೇಳುವುದಿಲ್ಲ.

ರೇಖಾ

---

ಹೊನ್ನಾವರ
೧೨ ಜುಲೈ ೨೦೨೪

ರೇಖಾ,

ಸೋಮವಾರ ಸಂಜಯ ಹೋದ. ದೋಣಿಯಲ್ಲಿ ಒಬ್ಬನೇ ಇದ್ದ. ನಿನಗೆ ಸುದ್ದಿ ಬಂದಿರುತ್ತದೆ, ಬಂದಿರುವುದು ಪೂರ್ತಿ ಅಲ್ಲ. ಪೂರ್ತಿ ಗೊತ್ತಿರುವವನು ನಾನೊಬ್ಬನೇ. ಬೇರೆ ಯಾರಿಗೂ ಹೇಳಲಾರೆ, ನಿನಗೆ ಹೇಳುತ್ತೇನೆ. ನೀನು ಹೇಗೂ ನನ್ನನ್ನು ಕೆಟ್ಟವನೆಂದೇ ತಿಳಿದಿದ್ದೀಯ.

ನಾನು ದಿಬ್ಬದ ಕೆಳಗೆ ಗಾಳಿಮರದ ಹತ್ತಿರ ಕೂತಿದ್ದೆ. ಕೂರಬಾರದೆಂದು ಸಭೆ ಹೇಳಿರಲಿಲ್ಲವಲ್ಲ. ಸಂಜಯನ ದೋಣಿ ಅಳಿವೆಯ ಹೊರಗೆ ಬಂದು ನಿಂತಿತು. ಅವನು ಮುಂದಿನ ತೆರೆ ನೋಡುತ್ತಿದ್ದ. ಹಿಂದೆ, ದೂರದಲ್ಲಿ, ಮೂರು ತೆರೆ ಒಂದರ ಬೆನ್ನಿಗೆ ಒಂದು ಏಳುತ್ತಿದ್ದವು. ಗುರುದತ್ತನ ದಿನ ಬಂದದ್ದೂ ಅಂಥವೇ. ಸಂಜಯ ದಿಬ್ಬದ ಕಡೆ ತಲೆ ಎತ್ತಿ ನೋಡಿದ, ರೇಖಾ. ಜಂಬದ ಸಂಜಯ, ಖಾಲಿ ದಿಬ್ಬವನ್ನು ನೋಡಿದ. ಆಮೇಲೆ ಮರದ ಬುಡದಲ್ಲಿ ಕೂತಿದ್ದ ನನ್ನನ್ನು ನೋಡಿದ.

ಟವೆಲ್ ನನ್ನ ಹೆಗಲ ಮೇಲೆಯೇ ಇತ್ತು. ನಾನು ಕೈ ಎತ್ತಲಿಲ್ಲ.

ಸಭೆಯ ಮಾತಿಗೆ ಕಟ್ಟುಬಿದ್ದು ಎತ್ತಲಿಲ್ಲ ಎಂದು ನಾಲ್ಕು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ಸುಳ್ಳು. ‘ಗುಂಡಿಗೆ ಇದ್ದವ ಬತ್ತ ಅಂದ್ಯಲ್ಲ, ಬಾ’ ಎಂದುಕೊಂಡು ಕೂತಿದ್ದೆ. ಮುಳುಗಲಿ ಎಂದುಕೊಳ್ಳಲಿಲ್ಲ. ಹೆದರಲಿ, ಒದ್ದೆಯಾಗಲಿ, ಮಗುಚಿದ ದೋಣಿ ಹಿಡಿದು ಎಲ್ಲರೆದುರು ದಡಕ್ಕೆ ಬರಲಿ ಎಂದುಕೊಂಡೆ. ಅವನು ಬರಲಿಲ್ಲ. ಊರಿನವರು ಯಾರೂ ನನ್ನನ್ನು ಏನೂ ಕೇಳಿಲ್ಲ. “ನಿತ್ಯಾನಂದನ್ನ ಅಲ್ಲಿಂದ ತೆಗ್ದದ್ದೇ ತಪ್ಪಾತು” ಎನ್ನುತ್ತಿದ್ದಾರೆ. ಮಾಡದ ತಪ್ಪಿಗೆ ಉಗುಳಿದವರು ಮಾಡಿದ ತಪ್ಪಿಗೆ ಚಹಾ ಕೊಡುತ್ತಿದ್ದಾರೆ.

ಮಾಡದ ತಪ್ಪು ಎಂದೆ. ಅದನ್ನೂ ಬರೆದುಬಿಡುತ್ತೇನೆ. ಗುರುದತ್ತನಿಗೆ ನಾನು ಎರಡೂ ಕೈಯಲ್ಲಿ ಟವೆಲ್ ಹಿಡಿದು ‘ನಿಲ್ಲು’ ಎಂದೇ ತೋರಿಸಿದ್ದೆ, ಇಪ್ಪತ್ತು ನಿಮಿಷ, ತೋಳು ಸೋಲುವವರೆಗೆ. ಅವನು ನಿಂತಿದ್ದ. ಇದ್ದಕ್ಕಿದ್ದ ಹಾಗೆ ದೋಣಿ ತಿರುಗಿಸಿ ಬಂದ. ಹೋಗು, ಹೋಗು ಎಂದು ಕೂಗುತ್ತಾ ಓಡಿದೆ. ಆ ಗಾಬರಿಯಲ್ಲಿ ಟವೆಲ್ ಒಂದು ಕೈಗೆ ಬಂತು, ಕೈ ಬೀಸಿತು. ದಕ್ಕೆಯವರು ಕಂಡದ್ದು ಅದನ್ನು. ಬೀಸಿದ್ದು ಕಂಡು ಅವನು ಇನ್ನಷ್ಟು ಜೋರು ಮಾಡಿದನೋ ಏನೋ, ಆ ಸಂಶಯ ನನಗೆ ಸಾಯುವವರೆಗೂ ಇದೆ.

ಅವನು ಯಾಕೆ ತಿರುಗಿಸಿದ ಎಂಬುದನ್ನು ಮಹಾಗಣಪತಿ ಆಸ್ಪತ್ರೆಯಲ್ಲೇ ಹೇಳಿದ. ಬಾಯಿ ಮುಚ್ಚಿಕೊಂಡಿರು ಎಂದು ಅವನ ಕಾಲು ಹಿಡಿದವನು ನಾನು. ಫೋನನ್ನು ಈ ಪತ್ರದ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಅದು ಸಮುದ್ರಕ್ಕೆ ಹೋಗಿರಲಿಲ್ಲ, ಗುರುದತ್ತನ ಕೊರಳಿನಿಂದ ನಾನೇ ಬಿಚ್ಚಿಕೊಂಡೆ. ೪.೧೦, ೪.೧೯, ೪.೨೬. ಮೂರೂ ನಿನ್ನ ಕರೆಗಳು. ಮೂರನೆಯದು ಮುಗಿದ ಕೂಡಲೇ ದೋಣಿ ತಿರುಗಿತಂತೆ.

ಎರಡು ವರ್ಷದ ಮಗುವಿನ ತಾಯಿಗೆ ಅದನ್ನು ಹೇಳಿ ನಾನೇನು ಗಳಿಸಲಿ ಎಂದುಕೊಂಡಿದ್ದೆ. ದೊಡ್ಡ ಮನುಷ್ಯನಾಗಲು ಹೋದೆ. ಸಂಜಯನ ಹೆಣ ಗಾಳಿಮರದ ಬುಡದಲ್ಲೇ ಬಂದು ಬಿತ್ತು.

ನಿತ್ಯಾನಂದ

---

ಮುರ್ಡೇಶ್ವರ
೨ ಆಗಸ್ಟ್ ೨೦೨೪

ನಿತ್ಯಾನಂದ ಅವರಿಗೆ,

ಫೋನು ತಲುಪಿತು. ನಿಮಗೆ ಗೊತ್ತಿದೆ ಎಂಬ ಅನುಮಾನ ನನಗೆ ಮೊದಲ ಪತ್ರದಿಂದಲೇ ಇತ್ತು. ಫೋಟೋ ನೆಪ ಮಾಡಿ ನಾನು ಕೇಳುತ್ತಿದ್ದದ್ದು ಅದನ್ನೇ. ನೀವು ‘ಸಮುದ್ರಕ್ಕೆ ಹೋಯಿತು’ ಎಂದು ಬರೆದ ಪತ್ರ ಕೈಗೆ ಬಂದ ದಿನ ನಾನು ಹೊಟ್ಟೆ ತುಂಬಾ ಊಟ ಮಾಡಿದೆ. ಎರಡು ತಿಂಗಳಲ್ಲಿ ಮೊದಲ ಸಲ.

ನಾನು ಏನು ಹೇಳಿದೆ ಎಂದು ಮಹಾಗಣಪತಿಗೂ ಕೇಳಿಸಿರಲಿಕ್ಕಿಲ್ಲ. ಬರೆಯುತ್ತೇನೆ. ಅವತ್ತು ದಕ್ಕೆಯಲ್ಲಿ ಸಂಜಯನ ದೋಣಿ ಆಗಲೇ ಒಳಗೆ ಬಂದಿತ್ತು. ನಾಲ್ಕು ಬುಟ್ಟಿ ಶೆಟ್ಲಿ, ಒಂದೊಂದು ಸೀಗಡಿಯೂ ಬೆರಳಿನಷ್ಟು ದಪ್ಪ. ಕೊಳ್ಳುವವರು ಅವನ ಸುತ್ತ ಮುತ್ತಿದ್ದರು. ಅವನ ಹೆಂಡತಿ ರೂಪಾ ನನ್ನ ಪಕ್ಕದಲ್ಲಿ ನಿಂತು, “ನಿನ್ ಗಂಡ ಇನ್ನೂ ಅಣ್ಣನ ಟವೆಲ್ ನೋಡ್ತಾ ಕೂತಿದ್ನಾ?” ಎಂದು ನಕ್ಕಳು. ಸುತ್ತಲಿದ್ದವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮೊದಲನೆಯ ಸಲ ಬೇಗ ಬನ್ನಿ ಎಂದೆ. “ಅಣ್ಣ ಬೇಡ ಅಂತಿದ್ದ” ಎಂದರು. ಎರಡನೆಯ ಸಲ ಸಂಜಯ ಬಂದನಲ್ಲ ಎಂದೆ. “ಆತು, ಬತ್ತೆ, ಸ್ವಲ್ಪ ತಡಿ” ಎಂದರು. ಮೂರನೆಯ ಸಲ, “ನೀವು ನಿಮ್ಮ ಅಣ್ಣನ್ನೇ ಮದುವೆ ಆಗ್ಬೇಕಿತ್ತು. ಹೆದ್ರಿ ಸಾಯೂವವಂಗೆ ದೋಣಿ ಎಂತಕೆ?” ಎಂದೆ. ಇಂಜಿನ್ನಿನ ಸದ್ದು ಕೇಳಿಸಿತು, ನನಗೆ ಖುಷಿಯಾಯಿತು. ಅದನ್ನೂ ಬರೆಯುತ್ತೇನೆ. ಖುಷಿಯಾಯಿತು.

ನಿಮ್ಮ ದೊಡ್ಡತನಕ್ಕೆ ಬೆಂಕಿ ಬೀಳಲಿ. ನೀವು ಒಂದು ಸಲ ನನ್ನ ಮುಖಕ್ಕೆ ಹೇಳಿದ್ದರೆ ಕೂದಲು ಕಿತ್ತುಕೊಂಡು ಅತ್ತು ಒಪ್ಪಿಕೊಳ್ಳುತ್ತಿದ್ದೆ. ಹೇಳದೆ ನನಗೆ ದಾರಿ ಮಾಡಿಕೊಟ್ಟಿರಿ, ನಾನು ಆ ದಾರಿಯಲ್ಲೇ ಹೋಗಿ ಸಹಿ ಹಾಕಿದೆ. ಹಾಕಿದ್ದು ನಾನೇ, ತಪ್ಪನ್ನು ನಿಮ್ಮ ಮೇಲೆ ಹಾಕುತ್ತಿಲ್ಲ. ಆದರೆ ನೀವು ಕಾಪಾಡಿದ್ದು ನನ್ನನ್ನಲ್ಲ, ನನ್ನ ಸುಳ್ಳನ್ನು.

ಸಂಘಕ್ಕೆ ಎಲ್ಲವನ್ನೂ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ, ಮೂರು ಕರೆ, ಮೂರು ಮಾತು, ಎಲ್ಲ. ಇನ್ನು ನಿಮ್ಮ ಊರಿನಲ್ಲಿ ನನಗೆ ಯಾರೂ ನೀರು ಕೊಡುವುದಿಲ್ಲ. ಇರಲಿ.

ರೇಖಾ

---

ಹೊನ್ನಾವರ
೨೦ ಆಗಸ್ಟ್ ೨೦೨೪

ರೇಖಾ,

ನಿನ್ನ ಕಾಗದವನ್ನು ಸಭೆಯಲ್ಲಿ ಓದಿದರು. ಈ ಸಲ ಓದಲು ಸಂಜಯ ಇರಲಿಲ್ಲ. ಅಧ್ಯಕ್ಷರು ಎದ್ದು ಬಂದು ನನ್ನ ಕೈ ಹಿಡಿದರು. ಹಿಂದಿನ ವರ್ಷ ಉಗುಳಿದವರು ಅತ್ತರು. ನಿನ್ನೆ ನೂಲ ಹುಣ್ಣಿಮೆಗೆ ಮೊದಲ ಕಾಯಿ ನನ್ನ ಕೈಯಿಂದಲೇ ಬಿಡಿಸಿದರು. ಹೊಸ ಟವೆಲ್ ಹೊದೆಸಿದರು, ಕೆಂಪು ಅಂಚಿನದು. “ನಿನ್ ಕೈ ನಂಬಿ ನಮ್ ಮಕ್ಕಳು ಹೋಗ್ತ್ರು” ಎಂದು ಸಂಜಯನ ಅಪ್ಪ ದೇವಪ್ಪ ಎಲ್ಲರೆದುರು ಹೇಳಿದ. ಸಂಜಯನ ಅಪ್ಪ, ರೇಖಾ.

ಗಾಳಿಮರದ ವಿಷಯ ನಾನು ಹೇಳಲಿಲ್ಲ. ಬಾಯಿಯವರೆಗೆ ಬಂದಿತ್ತು. ಹೇಳಿದರೆ ಮತ್ತೆ ದಿಬ್ಬ ಹೋಗುತ್ತದೆ, ಮಳೆ ಇನ್ನೂ ಒಂದು ತಿಂಗಳು ಇದೆ, ಹೊರಗೆ ಆರು ದೋಣಿ ಇವೆ. ಬದುಕಿರುವವರನ್ನು ಒಳಗೆ ತರುವುದು ದೊಡ್ಡದೋ, ಸತ್ತವನ ಲೆಕ್ಕ ಒಪ್ಪಿಸುವುದು ದೊಡ್ಡದೋ? ಹೀಗೆಲ್ಲ ಯೋಚಿಸುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಆ ದಿಬ್ಬ ಬೇಕು. ಅಷ್ಟೇ.

ನನ್ನ ಜುಲೈ ತಿಂಗಳ ಪತ್ರ ನಿನ್ನ ಹತ್ತಿರ ಇದೆ. ನಿನ್ನ ಕರೆಗಳಿದ್ದ ಫೋನನ್ನು ನಾನು ಒಂದು ವರ್ಷ ಯಾರಿಗೂ ತೋರಿಸದೆ ಇಟ್ಟಿದ್ದೆ. ಇದಕ್ಕಿಂತ ಹೆಚ್ಚು ಬಿಡಿಸಿ ಕೇಳಲು ನನಗೆ ನಾಚಿಕೆ.

ದೇವಿಯನ್ನು ಕರೆದುಕೊಂಡು ಬಾ. ಅಮ್ಮ ಈಗ ನಿನ್ನ ಮೇಲೆ ಸಿಟ್ಟಾಗಿದ್ದಾಳೆ, ಆದರೂ ಮಗುವನ್ನು ಕೇಳುತ್ತಾಳೆ.

ನಿತ್ಯಾನಂದ

---

ಮುರ್ಡೇಶ್ವರ
೧ ಸೆಪ್ಟೆಂಬರ್ ೨೦೨೪

ನಿತ್ಯಾನಂದ ಅವರಿಗೆ,

ನಿಮ್ಮ ನಾಚಿಕೆ ನನಗೆ ಅರ್ಥವಾಯಿತು. ಆದರೆ ನಿಮ್ಮ ಹಾಗೆ ಒಂದು ವರ್ಷ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಹೋದ ಸಲ ಹಾಗೆ ಇಟ್ಟಿದ್ದರ ಫಲ ನೋಡಿಯಾಯಿತು.

ಶುಕ್ರವಾರ ರಜೆ ಹಾಕಿ ಬಸ್ಸಿನಲ್ಲಿ ಹೊನ್ನಾವರಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ರೂಪಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತಳು, ಕೂರು ಎನ್ನಲಿಲ್ಲ. ನನ್ನ ಗಂಡನಿಗೆ ನಾನು ಏನು ಹೇಳಿದೆ, ಅದಕ್ಕೆ ಮೊದಲು ಅವಳು ನನಗೆ ಏನು ಹೇಳಿದ್ದಳು, ಎರಡನ್ನೂ ಹೇಳಿದೆ. ಅವಳಿಗೆ ತನ್ನ ಮಾತು ನೆನಪಿರಲಿಲ್ಲ. ಆಮೇಲೆ ನೆನಪಾಯಿತು. ಕೂತಳು. ನಾನೂ ಕೂತೆ. ನಿಮ್ಮ ಜುಲೈ ತಿಂಗಳ ಪತ್ರ ತೆಗೆದು ಓದಿ ಹೇಳಿದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು: “ಅವ್ರ ಹತ್ರ ಅವತ್ತು ಟವೆಲ್ ಇತ್ತಾ?”

ಆ ಸಾಲನ್ನು ನಾನು ಓದಿರಲಿಲ್ಲ. ಬಾಯಿ ಬರಲಿಲ್ಲ, ದಾಟಿಸಿ ಮುಂದಕ್ಕೆ ಹೋಗಿದ್ದೆ. ನನಗೆ ಗೊತ್ತಿಲ್ಲ, ಅವರನ್ನೇ ಕೇಳು ಎಂದು ಎದ್ದು ಬಂದೆ.

ನೀವು ಅವಳಿಗೆ ಪತ್ರ ಬರೆಯಬೇಕಾಗಿಲ್ಲ. ನಿಮ್ಮ ಮನೆಯಿಂದ ನಾಲ್ಕನೆಯ ಮನೆ. ಅವಳು ಕಾಯುತ್ತಿದ್ದಾಳೆ.

ರೇಖಾ